ಬಾಯಿ ಕಟ್ಟದ ಬಾನೆಟ್

ಕಬ್ಬಿಣ ಕಾದರೆ ಕೆಂಪಗಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಬೆಳ್ಳಗಿದ್ದದ್ದು ಬೆಳ್ಳಗೇ ಇರುತ್ತದೆ, ನೋಡನೋಡುತ್ತಿದ್ದಂತೆ ಕುಸಿದು ನೆಲಕ್ಕೆ ತೊಟ್ಟಿಕ್ಕುತ್ತದೆ. ಲಾರಿ ಕ್ಯಾಬಿನ್ನಿನ ಉಕ್ಕಿನ ತಗಡು ಬೆಸೆದು ರೂಢಿಯಿದ್ದ ನನಗೆ ಈ ಲೋಹವನ್ನು ಕಂಡರೆ ಮೊದಲ ದಿನದಿಂದಲೂ ಭಯ. ನಾನು ಮೊದಲೇ ಪುಕ್ಕಲ. ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ ಮನೆಗೆ ಹೊರಟವನು ಅರ್ಧ ದಾರಿಯಿಂದ ತಿರುಗಿ ಬಂದು ಮತ್ತೊಮ್ಮೆ ಮುಟ್ಟಿ ನೋಡುವ ಪೈಕಿ. ಕೊಟ್ಟೂರಿನ ಹರಪನಹಳ್ಳಿ ರಸ್ತೆಯಲ್ಲಿ ನನ್ನ ಶೆಡ್ಡಿನೆದುರು ಚಹಾ ಕುಡಿಯಲು ಕೂರುತ್ತಿದ್ದವರಿಗೆ ಅದೊಂದು ಪುಕ್ಕಟೆ ಮನರಂಜನೆಯಾಗಿತ್ತು.

ಅಂಥ ನನ್ನ ಬಳಿಗೆ, ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಬೆಂಗಳೂರಿನ ಎಂಜಿನಿಯರ್ ಒಬ್ಬರು ಸ್ಪೋರ್ಟ್ಸ್ ಕಾರಿಗೆ ಮೈ ಮಾಡಿಕೊಡಿ ಎಂದು ಬಂದರು. ಎರಡೇ ಸೀಟಿನ, ಮೇಲೆ ಚಾವಣಿಯಿಲ್ಲದ, ಮೊಣಕಾಲಿಗಿಂತ ಸ್ವಲ್ಪ ಎತ್ತರದ ಕಾರು. ಚಾಸಿ, ಎಂಜಿನ್ನು ಅವರೇ ಬೆಂಗಳೂರಿನ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಕಟ್ಟಿದ್ದರು. ಮೈಯನ್ನು ಹಗುರವಾಗಿ, ಕೈಯಿಂದಲೇ ಬಡಿದ ಅಲ್ಯೂಮಿನಿಯಂನಲ್ಲಿ ಮಾಡಿಸಬೇಕೆಂಬುದು ಅವರ ಹುಚ್ಚು. ಹಡಗಲಿಯಲ್ಲಿ ನೆಂಟರ ಮದುವೆಗೆ ಬಂದವರು ಊಟದ ಪಂಕ್ತಿ ಬಿಟ್ಟು ಅಡುಗೆಯವರ ದೊಡ್ಡ ಹಂಡೆಯ ಹೊಟ್ಟೆಯನ್ನು ಸವರುತ್ತ ನಿಂತಿದ್ದರಂತೆ. ಇದನ್ನು ಬಡಿದವರು ಯಾರು ಎಂದು ಕೇಳಿಕೊಂಡು ಬಂದಾಗ ಸಿಕ್ಕವರು ಕೊಟ್ಟೂರಿನ ಹಂಡೆ ಮೇಸ್ತ್ರಿ. ಮೇಸ್ತ್ರಿಗೆ ಬಡಿಯುವ ಕೈ ಇತ್ತು, ಗ್ಯಾಸ್ ಬೆಸುಗೆ ಗೊತ್ತಿರಲಿಲ್ಲ. ನನಗೆ ಬೆಸುಗೆ ಗೊತ್ತಿತ್ತು, ಜಾಗವೂ ಇತ್ತು. ಹೀಗೆ ಇಬ್ಬರನ್ನೂ ಒಂದು ಗಾಡಿಗೆ ಕಟ್ಟಿದರು.

ಮೇಸ್ತ್ರಿ ನನಗಿಂತ ಹದಿನೈದು ವರ್ಷ ಹಿರಿಯರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಕೆಲಸಕ್ಕೆ ಕೂತರೆ ಮಾತಿಲ್ಲ. ಎಂಜಿನಿಯರು ಕಾರಿನ ಆಕಾರದ ಮರದ ಅಚ್ಚು ಕಳಿಸಿದ್ದರು. ತಗಡನ್ನು ಆ ಅಚ್ಚಿನ ಮೇಲಿಟ್ಟರೆ ಎಲ್ಲಿಯೂ ಬೆಳಕು ತೂರಬಾರದು, ಅಷ್ಟು ಸರಿಯಾಗಿ ಕೂರಬೇಕು. ತಗಡು ಕತ್ತರಿಸಿ ಅದಕ್ಕೆ ಬಟ್ಟೆ ಸೋಪು ತಿಕ್ಕಿ ನಾನು ಜ್ವಾಲೆ ಹಿಡಿಯುತ್ತಿದ್ದೆ. ಸೋಪು ಕಾಫಿ ಬಣ್ಣಕ್ಕೆ ತಿರುಗಿದ ಕ್ಷಣ ಜ್ವಾಲೆ ಹಿಂದಕ್ಕೆ ತೆಗೆಯಬೇಕು. ಲೋಹ ತಾನಾಗಿ ಹೇಳದ್ದನ್ನು ಸೋಪಿನಿಂದ ಹೇಳಿಸುವ ಉಪಾಯ ಅದು. ಮೆತ್ತಗಾದ ತಗಡನ್ನು ಮೇಸ್ತ್ರಿ ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಹುಣಸೆಯ ಕೊಡತಿಯಿಂದ ಬಡಿಯುತ್ತಿದ್ದರು. ಬಡಿದಂತೆ ತಗಡು ಮತ್ತೆ ಬಿರುಸಾಗುತ್ತದೆ, ಆಗ ಮತ್ತೆ ಸೋಪು, ಮತ್ತೆ ಬೆಂಕಿ. ಒಂದು ಮಡ್‌ಗಾರ್ಡು ಹಾಗೆ ಎಷ್ಟು ಸಲ ಬೆಂಕಿಗೂ ಕೊಡತಿಗೂ ಓಡಾಡಿತೋ ಲೆಕ್ಕ ಇಟ್ಟವರಿಲ್ಲ.

ಕಷ್ಟ ಕೊಟ್ಟದ್ದು ಬಾನೆಟ್. ಅದನ್ನು ಮೂರು ತುಂಡಾಗಿ ಮಾಡಬೇಕಾಯಿತು, ನಡುವಿನದೊಂದು, ಎರಡು ಮೂಲೆಗಳು. ಮೂರನ್ನೂ ಬೆಸೆದರೆ ಒಂದು ಬಾನೆಟ್. ಅಲ್ಯೂಮಿನಿಯಂ ಬೆಸೆಯಲು ಫ್ಲಕ್ಸ್ ಎಂಬ ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಹಚ್ಚಬೇಕು. ಎಂಜಿನಿಯರು ಬಂದಾಗಲೆಲ್ಲ ಆ ಪುಡಿಯ ಬಗ್ಗೆ ಎಚ್ಚರಿಸುತ್ತಿದ್ದರು. ಅದು ಉಪ್ಪಿನ ಜಾತಿಯದು, ಬೆಸುಗೆ ಮುಗಿದ ಮೇಲೆ ಕುದಿಯುವ ನೀರಿನಲ್ಲಿ ಎರಡೂ ಮಗ್ಗುಲು ತಿಕ್ಕಿ ತೊಳೆಯದಿದ್ದರೆ ತೇವ ಕುಡಿದು ತಗಡನ್ನೇ ತಿಂದುಬಿಡುತ್ತದೆ ಎಂದು. ಹೆದರಿಸಿದರೆ ನಾನು ಕೇಳದೆ ಇರುತ್ತೇನೆಯೇ? ಮನೆಯ ಸೌದೆಯೆಲ್ಲ ನೀರು ಕಾಯಿಸಲಿಕ್ಕೇ ಹೋಯಿತೆಂದು ಹೆಂಡತಿ ಜಗಳ ತೆಗೆಯುವಷ್ಟು ತೊಳೆದೆ.

ಮೂರೂ ತುಂಡುಗಳ ಹೊರ ಅಂಚನ್ನು ಮೇಸ್ತ್ರಿ ಬೆಸುಗೆಗೆ ಮೊದಲೇ ಕಬ್ಬಿಣದ ತಂತಿಯ ಸುತ್ತ ಮಡಚಿಬಿಟ್ಟಿರುತ್ತಿದ್ದರು. ಹಂಡೆಗೆ ಬಾಯಿ ಕಟ್ಟುವುದು ಎನ್ನುತ್ತಾರಲ್ಲ, ಹಾಗೆಯೇ. ಅಂಚು ಸುತ್ತಿದ ತುಂಡು ಬಳುಕದೆ ನಿಲ್ಲುತ್ತಿತ್ತು, ನನಗೂ ಬೆಸೆಯಲು ಸಲೀಸು. ಅದರಲ್ಲಿ ತಪ್ಪು ಹುಡುಕುವ ಬುದ್ಧಿ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೊದಲು ಮಾಡಿದ ಬಾನೆಟ್ ಅಚ್ಚಿಗೆ ಒಂದು ಹೆಬ್ಬೆರಳಿನಷ್ಟು ಕೂರದೆ ತಿರಸ್ಕಾರವಾಯಿತು. ಎರಡನೆಯದು ಬೆಳಕೂ ತೂರದಂತೆ ಕೂತಿತು. ತಿರಸ್ಕಾರವಾದದ್ದನ್ನು ನನ್ನ ಹೆಂಡತಿ ಬಚ್ಚಲಿಗೆ ಒಯ್ದು ನೀರು ಕಾಯಿಸುವ ಹಂಡೆಯ ಮೇಲೆ ಮುಚ್ಚಿದಳು. ಉಳಿದ ಮಾಲು ಮಳೆಗಾಲಕ್ಕೆ ಮೊದಲೇ ಲಾರಿಯಲ್ಲಿ ಬೆಂಗಳೂರಿಗೆ ಹೋಯಿತು.

ದಸರೆ ಕಳೆದ ಮೇಲೆ ಪಕ್ಕದ ಎಸ್‌ಟಿಡಿ ಬೂತಿಗೆ ಎಂಜಿನಿಯರ ಫೋನು ಬಂತು. ಕಾರು ಸಿದ್ಧವಾಗಿದೆ, ಕೆಂಪು ಬಣ್ಣವೂ ಆಗಿದೆ, ನಾಳೆ ಅದರಲ್ಲೇ ಕೊಟ್ಟೂರಿಗೆ ಬರುತ್ತೇನೆ, ಮಾಡಿದವರು ನೋಡಬೇಡವೇ ಎಂದರು. ಚಹಾದಂಗಡಿಯವರಿಗೆಲ್ಲ ನಾನೇ ಹೇಳಿಕೊಂಡು ಬಂದೆ. ನನ್ನ ಆಯುಷ್ಯದಲ್ಲಿ ಒಂದು ಸಂಜೆಯಾದರೂ ಹೆದರಿಕೆಯಿಲ್ಲದೆ ಕಳೆದೆನೆಂದರೆ ಅದೇ ಸಂಜೆ.

ಮರುದಿನ ಬೆಳಿಗ್ಗೆ ಹೆಂಡತಿ ಬಚ್ಚಲಿನಿಂದ ಕರೆದಳು.

“ಏನ್ರೀ, ಈ ಮುಚ್ಚಳದ ಅಂಚಿಗಿ ಬಿಳೇದು ಹುಟ್ಟೇತಿ. ಸುಣ್ಣ ಬಡದಂಗ ಐತಿ, ಬಂದು ನೋಡ್ರಿ.”

ಹೋಗಿ ನೋಡಿದೆ. ಅಂಚಿನ ಮಡಿಕೆಯೊಳಗಿನಿಂದ ಬೆಳ್ಳನೆಯ ಪುಡಿ ಉಬ್ಬಿ ಬಂದಿತ್ತು, ಮೂಲೆಯ ತುಂಡು ಬೆಸೆದ ಜಾಗದ ಎಡಬಲಕ್ಕೆ ಅಷ್ಟುದ್ದ. ಬೆರಳು ಇಟ್ಟೆ. ಅಂಚು ನೆನೆದ ಹಪ್ಪಳದ ಹಾಗೆ ಕೈಗೇ ಬಂತು. ಒಳಗಿನ ತಂತಿ ತುಕ್ಕು ಹಿಡಿದು ಕಪ್ಪಾಗಿತ್ತು. ಬೆಸುಗೆಯ ಗೆರೆ ಮಾತ್ರ ಹೊಳೆಯುತ್ತಿತ್ತು, ಅದಕ್ಕೆ ಏನೂ ಆಗಿರಲಿಲ್ಲ.

ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಬೆಸೆಯುವಾಗ ಕರಗಿದ ಫ್ಲಕ್ಸ್ ಮಡಚಿದ ಅಂಚಿನೊಳಗೆ ಹರಿದಿತ್ತು. ನಾನು ತಿಕ್ಕಿದ್ದು ಹೊರಗಿನದನ್ನು. ಸುರಿದ ಬಿಸಿನೀರು ಇನ್ನಷ್ಟನ್ನು ಒಳಗೇ ತಳ್ಳಿತ್ತು. ನಮ್ಮ ಒಣ ಹವೆಯಲ್ಲಿ ಅದು ವರ್ಷಗಟ್ಟಲೆ ಮಲಗಿರುತ್ತಿತ್ತೋ ಏನೋ, ಬಚ್ಚಲಿನ ಉಗಿ ಎಬ್ಬಿಸಿತ್ತು. ಬೆಂಗಳೂರಿನಲ್ಲಿ ಆ ವರ್ಷ ಬಿಡದೆ ಮಳೆ. ಬಾನೆಟ್ಟನ್ನು ಮುಂದೆ ಹಿಡಿದಿಡುವ ಕೊಂಡಿಯನ್ನು ರಿವೆಟ್ ಹೊಡೆದು ಕೂರಿಸಿದ್ದು ಅದೇ ಅಂಚಿಗೆ. ಅಂಚು ಬಿಟ್ಟರೆ ಕೊಂಡಿ ಬಿಡುತ್ತದೆ, ವೇಗದಲ್ಲಿ ಗಾಳಿ ಒಳನುಗ್ಗಿ ಬಾನೆಟ್ಟನ್ನು ಎತ್ತಿ ಹಿಂದಕ್ಕೆ ಬಡಿಯುತ್ತದೆ. ಹಿಂದೆ ಒಂದು ಗೇಣಿನ ಗಾಜು, ಅದರ ಹಿಂದೆ ಆ ಮನುಷ್ಯನ ಮುಖ.

ಬೂತಿಗೆ ಓಡಿ ಬೆಂಗಳೂರಿಗೆ ಫೋನು ಹಚ್ಚಿದೆ. ಎತ್ತಿದವರು ಅವರ ತಾಯಿ.

“ಅವನು ಬೆಳಕು ಹರಿಯೋಕ್ಮುಂಚೆನೇ ಹೊರಟ್ನಲ್ಲಪ್ಪ, ನಿಮ್ಮೂರಿಗೇ ಬರ್ತಿದಾನೆ. ಏನಾದ್ರೂ ಹೇಳ್ಬೇಕಿತ್ತಾ?”

ಏನೂ ಇಲ್ಲಮ್ಮ, ಸುಮ್ಮನೆ ಮಾಡಿದೆ ಎಂದೆ. ರಿಸೀವರ್ ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು. ಮೊಬೈಲು ನಮ್ಮ ಕಡೆ ಕಣ್ಣಿಗೂ ಬೀಳದ ಕಾಲ. ಹೊರಟ ಕಾರನ್ನು ತಡೆಯಬೇಕಾದರೆ ರಸ್ತೆಯಲ್ಲೇ ಹೋಗಿ ನಿಲ್ಲಬೇಕಿತ್ತು. ಚಿತ್ರದುರ್ಗದಿಂದ ಬರುವ ಹೆದ್ದಾರಿ ಕೂಡ್ಲಿಗಿಗೆ ಬರುತ್ತದೆ, ಕೊಟ್ಟೂರಿಗೆ ತಿರುಗುವುದು ಅಲ್ಲಿಂದ. ಸ್ಕೂಟರ್ ತೆಗೆದೆ. ಒಬ್ಬನೇ ಹೋಗುವ ಧೈರ್ಯ ಬರಲಿಲ್ಲ. ಮುರಿದ ಅಂಚನ್ನು ಜೇಬಿಗೆ ಹಾಕಿಕೊಂಡು ಮೇಸ್ತ್ರಿಯ ಮನೆಗೆ ಹೋದೆ.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸು ಕೊಟ್ಟರು. ಉಗಿ, ಹೊಗೆ, ಸೀಗೆಪುಡಿ ಎಲ್ಲ ಕೂಡಿ ಹೀಗಾಗಿದೆ ಎಂದರು. ಕಾರನ್ನು ಯಾರು ಬಚ್ಚಲಿನಲ್ಲಿ ಇಡುತ್ತಾರೆ ಎಂದು ನನ್ನನ್ನೇ ಕೇಳಿದರು. ತಾವು ಸುತ್ತಿದ ಬಾಯಿ ಇದುವರೆಗೆ ಒಂದೂ ಬಿಟ್ಟಿಲ್ಲ ಎಂದರು. ನನಗೆ ಸಿಟ್ಟು ಬಂತು. ಹೆದರಿದವನ ಸಿಟ್ಟು ಕೆಟ್ಟದ್ದು. ಬೆಸುಗೆ ಆಗುವ ಮೊದಲೇ ಅಂಚು ಸುತ್ತಿದ್ದು ಯಾಕೆ, ಒಂದು ದಿನ ತಡೆದಿದ್ದರೆ ಗಂಟೇನು ಹೋಗುತ್ತಿತ್ತು ಎಂದು ದನಿಯೇರಿಸಿದೆ.

ಮೇಸ್ತ್ರಿ ಎಲೆ ಅಡಿಕೆ ಉಗಿದು ಬಂದು ಮೆಲ್ಲಗೆ ಹೇಳಿದರು.

“ಬಾಯಿ ಕಟ್ಟದ ಹಂಡೇನ ದೀಪ ಹಚ್ಚಿದ ಮ್ಯಾಲೆ ಮನ್ಯಾಗ ಇಡಬಾರದ್ರಿ. ನಮ್ಮಣ್ಣ ಇಟ್ಟಿದ್ದ, ಒಂದು ಸಲ. ಮುಂಜಾನಿ ಎಬ್ಬಸಾಕ ಹೋದ್ರ ಏಳಲಿಲ್ಲ.”

ನಾನು ಹೋಗಿ ಸ್ಕೂಟರ್ ಚಾಲೂ ಮಾಡಿದೆ. ಅವರು ಅಂಗಿ ಹಾಕಿಕೊಂಡು ಬಂದು ಸ್ಕೂಟರಿನ ಹಿಂದೆ ಕೂತರು.

ಕೂಡ್ಲಿಗಿಯಲ್ಲಿ ಹೆದ್ದಾರಿಯ ಬದಿಗೆ ನಿಂತೆವು. ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಕೆಂಪು ದೂಳು ಮುಖಕ್ಕೆ ಮೆತ್ತುತ್ತಿತ್ತು. ಆ ಕಾರು ಬೆಂಗಳೂರು ಬಿಟ್ಟ ಹೊತ್ತಿಗೆ ಲೆಕ್ಕ ಹಾಕಿದರೆ ಇಷ್ಟು ಹೊತ್ತಿಗೆ ಬಂದಿರಬೇಕಿತ್ತು. ಬರಲಿಲ್ಲ. ದಕ್ಷಿಣದ ಏರಿನ ಮೇಲೆ ಕೆಂಪಗೆ ಏನು ಕಂಡರೂ ನನ್ನ ಕಾಲು ತಾನಾಗಿ ರಸ್ತೆಗೆ ಇಳಿಯುತ್ತಿತ್ತು. ಒಮ್ಮೆ ಅದು ಗ್ಯಾಸ್ ಸಿಲಿಂಡರಿನ ವ್ಯಾನು, ಒಮ್ಮೆ ಟ್ರ್ಯಾಕ್ಟರು. ಮೇಸ್ತ್ರಿ ಚಹಾ ತಂದುಕೊಟ್ಟರು, ಅರ್ಧ ನನ್ನ ಅಂಗಿಯ ಮೇಲೆ ಚೆಲ್ಲಿತು. ಬಿಸಿಲು ನೆತ್ತಿಗೆ ಬಂತು. ಎಂಜಿನಿಯರ ತಾಯಿ ಕೇಳಿದ ಮಾತು ಕಿವಿಯಲ್ಲೇ ಇತ್ತು. ಹೇಳಬೇಕಾದದ್ದು ಇತ್ತು, ಹೇಗೆ ಹೇಳಲಿ?

ಕೊನೆಗೆ ಚಿತ್ರದುರ್ಗದ ಕಡೆಯಿಂದ ಬಂದು ನಿಲ್ಲಿಸಿದ ಲಾರಿಯೊಂದರ ಡ್ರೈವರನನ್ನು ಕೇಳಿದೆ, ದಾರಿಯಲ್ಲಿ ಕೆಂಪು ಬಣ್ಣದ, ಚಾವಣಿಯಿಲ್ಲದ ಸಣ್ಣ ಕಾರು ಕಂಡಿತೇ ಎಂದು.

“ಗಿಡ್ಡ ಗಾಡಿ ಏನ್ರಿ? ಹಿಂದ ನಿಂತೈತಿ ನೋಡ್ರಿ. ಮುಂದಿನ ಮುಸುಡಿ ಮ್ಯಾಲೆದ್ದೈತಿ. ಮಂದಿ ಕೂಡ್ಯಾರ.”

ಮಂದಿ ಯಾಕೆ ಕೂಡಿದ್ದಾರೆ, ಯಾರಿಗೆ ಏನಾಗಿದೆ ಎಂದು ಕೇಳುವ ಹೊತ್ತಿಗೆ ಅವನು ಚಹಾದಂಗಡಿಯ ಹಿಂದಕ್ಕೆ ಹೋಗಿದ್ದ. ಅವನಿಗಾಗಿ ಕಾಯಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ.

ಆ ದಾರಿ ನನಗೆ ಈಗಲೂ ಸರಿಯಾಗಿ ನೆನಪಿಲ್ಲ. ಸ್ಕೂಟರ್ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತಿತ್ತು, ಲಾರಿಗಳು ಹಾರ್ನು ಹೊಡೆದು ಬೈದುಕೊಂಡು ಹೋಗುತ್ತಿದ್ದವು. ಹಿಂದೆ ಕೂತ ಮೇಸ್ತ್ರಿ ನನ್ನ ಹೆಗಲನ್ನು ಹಿಡಿದಿದ್ದರು. ಕೊಡತಿ ಹಿಡಿದ ಕೈ ಅದು, ಹಿಡಿತ ಎಲುಬಿಗೆ ತಾಗುತ್ತಿತ್ತು. ದೇವರ ಹೆಸರು ಹೇಳುತ್ತಿದ್ದರೋ ಅಣ್ಣನ ಹೆಸರು ಹೇಳುತ್ತಿದ್ದರೋ, ಗಾಳಿಗೆ ಕೇಳಿಸಲಿಲ್ಲ. ಪೊಲೀಸರಿಗೆ ಏನು ಹೇಳುವುದು, ಆ ತಾಯಿಯ ಮುಂದೆ ಹೇಗೆ ನಿಲ್ಲುವುದು, ಎಲ್ಲವನ್ನೂ ನಾನು ದಾರಿಯಲ್ಲೇ ಅನುಭವಿಸಿ ಮುಗಿಸಿದೆ.

ಬೇವಿನ ಮರದ ಕೆಳಗೆ ಜನ ನಿಂತಿದ್ದರು. ಬಾನೆಟ್ ಮೇಲೆದ್ದಿತ್ತು, ಉಗಿ ಏಳುತ್ತಿತ್ತು. ಜನರ ನಡುವಿನಿಂದ ಎಂಜಿನಿಯರು ಸೀತಾಫಲ ತಿನ್ನುತ್ತ ಈಚೆಗೆ ಬಂದರು. ರೇಡಿಯೇಟರ್ ಕುದಿದುಬಿಟ್ಟಿತ್ತಂತೆ. ಹೊಲದ ಹೆಂಗಸರು ಕೊಡದಲ್ಲಿ ನೀರು ತಂದು ಹಾಕಿದ್ದರು, ಹಣ್ಣನ್ನೂ ಕೊಟ್ಟಿದ್ದರು. ಇಲ್ಲಿಯವರೆಗೆ ಯಾಕೆ ಬಂದಿರಿ ಯಜಮಾನ್ರೆ ಎಂದು ಎಂಜಿನಿಯರು ನಗುತ್ತಿದ್ದರು. ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಲೂ ಆಗದೆ ಅದನ್ನು ಮೇಸ್ತ್ರಿಯ ಕೈಗೆ ಬಿಟ್ಟು ನೆಲದ ಮೇಲೆ ಕೂತೆ. ಅಳು ಬಂತು. ನೋಡಿದವರು ಬಿಸಿಲಿಗೆ ಹೀಗಾಗಿದೆ ಎಂದುಕೊಂಡು ತಲೆಗೆ ನೀರು ತಟ್ಟಿದರು.

ಸಾವರಿಸಿಕೊಂಡು ಎಲ್ಲ ಹೇಳಿದೆ. ಜೇಬಿನ ತುಂಡನ್ನು ಕೊಟ್ಟೆ. ಎಂಜಿನಿಯರು ಅದನ್ನು ನೋಡಿದರು, ತಮ್ಮ ಬಾನೆಟ್ಟಿನ ಅಂಚನ್ನು ನೋಡಿದರು. ಅಲ್ಲಿ ಮೂರು ಪದರದ ಕೆಂಪು ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದೆರಡು ಕಡೆ ಸಾಸಿವೆಕಾಳಿನಷ್ಟು ಬೊಕ್ಕೆ ಎದ್ದಿದ್ದವು, ಅಷ್ಟೇ. ಅದು ಬಣ್ಣದವನ ಕೆಲಸ ಎಂದರು. ಕೊಟ್ಟೂರು ಇಲ್ಲೇ ಇದೆಯಲ್ಲ, ನಿಧಾನಕ್ಕೆ ಬರುತ್ತೇನೆ, ಶೆಡ್ಡಿನಲ್ಲೇ ಬಿಚ್ಚಿ ನೋಡೋಣ ಎಂದು ಬಾನೆಟ್ ಮುಚ್ಚಲು ಕೈ ಹಾಕಿದರು. ನಾನು ಅಡ್ಡ ನಿಂತೆ. ಇಷ್ಟು ಚಂದದ ಬಣ್ಣ ಹೊಡೆದ ವಸ್ತುವನ್ನು ಕೆಡಿಸಿ ನೋಡಿ ಎನ್ನಲು ನನ್ನ ಬಳಿ ಬಚ್ಚಲಿನ ಒಂದು ಚೂರಿನ ಹೊರತು ಯಾವ ಆಧಾರವೂ ಇರಲಿಲ್ಲ. ಮಾತು ತೊದಲಿತು. ಅವರು ನನ್ನ ಹೆಗಲು ತಟ್ಟಿ ಪಕ್ಕಕ್ಕೆ ಸರಿಸಿದರು.

ಆಗ ಮೇಸ್ತ್ರಿ ಮುಂದೆ ಬಂದರು. ಯಾರನ್ನೂ ಕೇಳಲಿಲ್ಲ. ಕೊಂಡಿಯಿದ್ದಲ್ಲಿ ಅಂಚಿನ ಅಡಿಗೆ ಎರಡೂ ಹೆಬ್ಬೆರಳು ಕೊಟ್ಟು, ರೊಟ್ಟಿ ಮುರಿಯುವಷ್ಟೇ ಬಲದಿಂದ ಒತ್ತಿದರು. ಬಣ್ಣ ಚಟ್ಟನೆ ಬಿರಿಯಿತು. ಬಿಳಿಯ ಪುಡಿ ಅವರ ಪಾದದ ಮುಂದೆ ಸುರಿಯಿತು. ಕೊಂಡಿ, ಎರಡು ರಿವೆಟ್ಟು, ಒಂದು ಗೇಣು ಅಂಚು, ಎಲ್ಲವೂ ಒಟ್ಟಿಗೆ ಅವರ ಅಂಗೈಗೆ ಬಂದವು.

ಅದನ್ನು ಎಂಜಿನಿಯರಿಗೆ ಕೊಟ್ಟು ಅವರು ಮರದ ಆಚೆ ಬದಿಗೆ ಹೋಗಿ ನಿಂತರು. ಎಂಜಿನಿಯರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಚಿತ್ರದುರ್ಗ ದಾಟಿದ ಮೇಲೆ ರಸ್ತೆ ಖಾಲಿ ಇತ್ತು, ಎಷ್ಟು ಓಡುತ್ತೋ ನೋಡೋಣ ಅಂತ ಒತ್ತಿದ್ದೆ ಎಂದರು. ಇನ್ನೂ ಒಂದು ಹಣ್ಣು ಕೈಯಲ್ಲಿತ್ತು, ಅದನ್ನು ಸೀಟಿನ ಮೇಲಿಟ್ಟರು. ಬಾನೆಟ್ ಬಿಚ್ಚಿ ಒಂದು ಟೆಂಪೋಗೆ ಹಾಕಿದೆವು. ಮುಂದಿನ ಮೈಯಿಲ್ಲದ ಆ ಕಾರು, ಎಂಜಿನ್ನು ತೆರೆದುಕೊಂಡು, ನನ್ನ ಸ್ಕೂಟರಿನ ಹಿಂದೆ ಕೊಟ್ಟೂರಿಗೆ ಬಂತು.

ಹೊಸ ಬಾನೆಟ್ ಮಾಡಲೇಬೇಕಿತ್ತು. ಎಂಜಿನಿಯರು ಊರಿನ ಲಾಡ್ಜಿನಲ್ಲಿ ಉಳಿದರು. ಈ ಸಲ ಕ್ರಮ ಬದಲಿಸಿದೆವು. ಅಂಚು ಸುತ್ತದೆ ಬಿಡುವುದು, ಬೆಸೆಯುವುದು, ಎರಡೂ ಮಗ್ಗುಲು ತೊಳೆಯುವುದು, ಕೊನೆಗೆ ಅಂಚು ಸುತ್ತುವುದು. ಮೇಸ್ತ್ರಿ ಹೂಂ ಎಂದರು. ಬಡಿತದಲ್ಲಿ ಮಾತ್ರ ಮೊದಲಿನ ಓಟವಿರಲಿಲ್ಲ. ಪ್ರತಿದಿನ ಸಂಜೆ ದೀಪ ಹಚ್ಚುವ ಮುಂಚೆ ತುಂಡುಗಳನ್ನು ಶೆಡ್ಡಿನ ಹೊರಗೆ ಬಯಲಿಗೆ ತಂದು ಕಲ್ಲು ಹೇರಿ ಹೋಗುತ್ತಿದ್ದರು. ಬಯಲಿನಲ್ಲಿದ್ದರೆ ಯಾವ ಮನೆಗೂ ಸೇರಿದ್ದಲ್ಲ ಎಂಬ ಒಳದಾರಿ ಅದು. ನಾವು ನೋಡಿಯೂ ನೋಡದಂತೆ ಇದ್ದೆವು.

ಬೆಸುಗೆ ಮುಗಿದು ತೊಳೆದ ದಿನ ಒಳದಾರಿಯೂ ಮುಚ್ಚಿತು. ಎಷ್ಟೇ ತೊಳೆದರೂ ನನಗೆ ನಂಬಿಕೆ ಬರುತ್ತಿರಲಿಲ್ಲ. ಉಳಿದ ಉಪ್ಪು ಒಣ ಹವೆಯಲ್ಲಿ ಕಾಣುವುದಿಲ್ಲ, ಉಗಿಯಲ್ಲಿ ಕಾಣುತ್ತದೆ, ಅದನ್ನು ಕಲಿಸಿದ್ದು ನನ್ನ ಬಚ್ಚಲು. ಹಾಗಾಗಿ ಬಾನೆಟ್ಟನ್ನು ಒಂದು ರಾತ್ರಿ ನೀರು ಕಾಯುವ ಒಲೆಯ ಮೇಲೆ ತೂಗುಹಾಕಿ, ಬೆಳಿಗ್ಗೆ ಬಿಳುಪು ಕಾಣದಿದ್ದರೆ ಮಾತ್ರ ಅಂಚು ಸುತ್ತೋಣ ಎಂದೆ. ಎಂಜಿನಿಯರೂ ಅದೇ ಸರಿ ಎಂದರು. ಬಯಲಿನಲ್ಲಿ ಉಗಿ ನಿಲ್ಲದು. ಅಂದರೆ ಬಾಯಿ ಕಟ್ಟದ ವಸ್ತು ದೀಪ ಹಚ್ಚಿದ ಮೇಲೂ ಒಂದು ಮನೆಯೊಳಗೆ ಇರಬೇಕು.

ಮೇಸ್ತ್ರಿಯ ಮುಖ ಬಾಡಿತು. ನನ್ನ ಮನೆಯಲ್ಲಿ ಇಡುತ್ತೇನೆ, ನಿಮಗೇನು ಎಂದೆ. ಎಂಜಿನಿಯರು ಲಾಡ್ಜಿನ ಬಚ್ಚಲಿನಲ್ಲಿ ಬೇಕಾದರೂ ಇಡೋಣ ಎಂದರು. ಮೇಸ್ತ್ರಿ ಬಾನೆಟ್ಟಿನ ಬೋಳು ಅಂಚನ್ನು ಸವರುತ್ತ ಕೂತಿದ್ದರು.

“ನಿಮ್ಮ ಮನ್ಯಾಗ ಸಣ್ಣ ಮಕ್ಳು ಅದಾವ,” ಎಂದರು. “ಲಾಡ್ಜಿನ್ಯಾಗೂ ಮಂದಿ ಇರ್ತಾರಲ್ರಿ. ನನ್ನ ಮನಿಗಿ ಒಯ್ತೀನಿ.”

ಬೇಡ ಎನ್ನಬೇಕಿತ್ತು. ನನಗೆ ಆ ಮಾತಿನಲ್ಲಿ ನಂಬಿಕೆಯಿರಲಿಲ್ಲ, ಆದರೂ ಬೇಡ ಎನ್ನಲು ನಾಲಿಗೆ ಏಳಲಿಲ್ಲ, ಮಕ್ಕಳ ಮುಖ ಕಣ್ಣ ಮುಂದೆ ಬಂದಿತ್ತು. ಅವರು ತಲೆಗೆ ಟವೆಲ್ಲಿನ ಸಿಂಬಿ ಸುತ್ತಿ ಬಾನೆಟ್ಟನ್ನು ಹೊತ್ತು ನಡೆದರು. ಚಹಾದಂಗಡಿಯವರು ಎದ್ದು ನಿಂತು ನೋಡಿದರು, ಅವತ್ತು ಯಾರೂ ತಮಾಷೆ ಮಾಡಲಿಲ್ಲ.

ಬೆಳಗಾಗುವುದನ್ನೇ ಕಾಯುತ್ತಿದ್ದು ಅವರ ಮನೆಗೆ ಹೋದೆ. ಬಾಗಿಲು ಹಾಕಿತ್ತು. ಆ ಬೀದಿಯಲ್ಲಿ ಎಲ್ಲರ ಮನೆಯಂಗಳ ಸಾರಿಸಿ ರಂಗೋಲಿ ಬಿದ್ದಿತ್ತು, ಅವರ ಅಂಗಳ ಮಾತ್ರ ಹಾಗೇ ಒಣಗಿತ್ತು. ಒಳಗೆ ಬಳೆಯ ಸದ್ದಿಲ್ಲ, ಕೆಮ್ಮಿನ ಸದ್ದಿಲ್ಲ. ಚಿಲಕದ ಮೇಲೆ ಕೈ ಇಟ್ಟೆ, ತಟ್ಟಲಾಗಲಿಲ್ಲ. ಕೂಡ್ಲಿಗಿಯ ರಸ್ತೆಯಲ್ಲಿ ಆಗದಷ್ಟು ಭಯ ಆ ಬಾಗಿಲಿನ ಮುಂದೆ ಆಯಿತು. ಮೂರು ಸಲ ಕೈ ಎತ್ತಿ ಇಳಿಸಿದ ಮೇಲೆ ಒಳಗಿನಿಂದಲೇ ಅಗುಳಿ ಸರಿಯಿತು.

ಮೇಸ್ತ್ರಿ ನಿಂತಿದ್ದರು. ಕಣ್ಣು ಕೆಂಪಾಗಿದ್ದವು.

“ಬರ್ರಿ. ಬಿಳೇದು ಏನೂ ಬಂದಿಲ್ಲ,” ಎಂದರು.

ಬಚ್ಚಲಿಗೆ ಹೋಗಿ ನೋಡಿದೆ. ಉಗಿಯ ಹನಿಗಳ ಕೆಳಗೆ ಅಂಚು ಸ್ವಚ್ಛವಾಗಿತ್ತು. ಬೆರಳಾಡಿಸಿದೆ, ಉಗುರಿನಿಂದ ಕೆರೆದೆ, ಏನೂ ಉದುರಲಿಲ್ಲ. ಈಚೆಗೆ ಬಂದಾಗ ಪಡಸಾಲೆ ಖಾಲಿ ಇರುವುದು ಗಮನಕ್ಕೆ ಬಂತು. ಹೆಂಡತಿ, ಮಗ, ಸೊಸೆ, ತೊಟ್ಟಿಲ ಕೂಸು, ಯಾರೂ ಇರಲಿಲ್ಲ. ತೊಟ್ಟಿಲಿನ ಹಗ್ಗ ಮಡಚಿ ಗೂಟಕ್ಕೆ ಹಾಕಿತ್ತು. ಎಲ್ಲರೂ ಎಲ್ಲಿ ಎಂದು ಕೇಳಿದೆ.

“ಬೀಗರ ಊರು ಮಾಗಳಕ್ಕ ಕಳಿಸೀನ್ರಿ, ನಿನ್ನಿ ಸಂಜಿ ಬಸ್ಸಿಗಿ. ಇವತ್ತು ಬರ್ತಾರ.”

“ನೀವೂ ಹೋಗಬೇಕಿತ್ತಲ್ರಿ, ಮೇಸ್ತ್ರಿ.”

“ಒಲಿ ಉರಿ ನೋಡಾಕ ಯಾರಾರ ಬೇಕಲ್ರಿ,” ಎಂದು ಅವರು ಮೂಲೆಯಿಂದ ತಂತಿಯ ಸುರುಳಿ ತಂದು ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಗಟ್ಟಿಯಾಗಿ ಹಿಡಿಯಿರಿ ಎಂದು ಹೇಳಿ ಕೊಡತಿ ಎತ್ತಿಕೊಂಡರು.